ಓದುಗರು ಕೇಳಿದ್ದು: ಮುತ್ತಾತನ ಹೆಸರು ಯಾವ ಕಚೇರಿಯಲ್ಲಿದೆ?

ಮನೆತನದ ಹಿಂದಿನ ತಲೆಮಾರುಗಳನ್ನು ಸರ್ಕಾರಿ ದಾಖಲೆಗಳಲ್ಲಿ ಹುಡುಕುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಮಂಡ್ಯ, ಮೈಸೂರು ಕಡೆಯವನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಆಸ್ತಿ ವ್ಯಾಜ್ಯದ ಪ್ರಶ್ನೆಗಳನ್ನು ಬಿಟ್ಟಿದ್ದೇವೆ. ಅವಕ್ಕೆ ವಕೀಲರೇ ಸರಿ.

ಪ್ರಶ್ನೆ: ನಮ್ಮ ತಾತ ಮದ್ದೂರು ತಾಲ್ಲೂಕಿನ ಹಳ್ಳಿಯವರು. 1925ರ ಆಸುಪಾಸು ಹುಟ್ಟಿದವರು, 1978ರಲ್ಲಿ ತೀರಿಕೊಂಡರು. ಅವರ ಜನನ ಪ್ರಮಾಣಪತ್ರಕ್ಕಾಗಿ ಆನ್‌ಲೈನ್‌ನಲ್ಲಿ ಹುಡುಕಿದರೆ ಏನೂ ಬರುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ತಾತನ ಹುಟ್ಟನ್ನು ಸದ್ಯಕ್ಕೆ ಬಿಡಿ, ಸಾವನ್ನು ಹುಡುಕಿ. ಜನನ ಮರಣ ನೋಂದಣಿ ಕಾಯ್ದೆ ಆದದ್ದು 1969ರಲ್ಲಿ, ನಮ್ಮಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಿಂದ. ನಿಮ್ಮ ತಾತನ ಸಾವು ಆ ಕಾಯ್ದೆಯ ಕಾಲಕ್ಕೆ ಬರುತ್ತದೆ, ಹುಟ್ಟು ಬರುವುದಿಲ್ಲ. ಅದಕ್ಕೂ ಹಿಂದೆ ಹಳ್ಳಿಗಳಲ್ಲಿ ಲೆಕ್ಕಪತ್ರ ಇಟ್ಟುಕೊಂಡಿದ್ದವರು ಪಟೇಲರು, ಶಾನುಭೋಗರು. 1963ರ ಫೆಬ್ರವರಿ 1ರಿಂದ ಆ ವಂಶಪಾರಂಪರ್ಯ ಹುದ್ದೆಗಳು ರದ್ದಾದವು. ಕೈ ಬದಲಾಗುವಾಗ ತಾಲ್ಲೂಕು ಕಚೇರಿಗೆ ಸೇರಿದ ಪುಸ್ತಕಗಳುಂಟು, ಅಟ್ಟದ ಮೇಲೇ ಉಳಿದು ಗೆದ್ದಲು ತಿಂದವೂ ಉಂಟು. 1925ರ ಪುಸ್ತಕ ಸಿಕ್ಕರೆ ಅದೃಷ್ಟ ಅಂದುಕೊಳ್ಳಿ, ಅದನ್ನೇ ನಂಬಿಕೊಂಡು ಹೊರಡಬೇಡಿ. ಜನನ ಮರಣ ದಾಖಲೆಗಳ ಸರ್ಕಾರಿ ಜಾಲತಾಣವಾದ ಇ-ಜನ್ಮದಲ್ಲಿ ಇರುವುದು ಕಂಪ್ಯೂಟರ್‌ಗೆ ಏರಿಸಿದ ದಾಖಲೆಗಳು ಮಾತ್ರ. ಅಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಪುಸ್ತಕದಲ್ಲೂ ಇಲ್ಲ ಅಂತಲ್ಲ.

ಅರ್ಜಿ ಕೊಡುವ ಮುನ್ನ ಒಂದು ವಿಷಯ ಮನೆಯಲ್ಲಿ ಕೇಳಿಕೊಳ್ಳಿ: ತಾತ ತೀರಿಕೊಂಡದ್ದು ಊರಿನಲ್ಲೋ ಆಸ್ಪತ್ರೆಯಲ್ಲೋ? ಹುಟ್ಟು ಸಾವುಗಳನ್ನು ಬರೆಯುವುದು ಅವು ಆದ ಜಾಗದಲ್ಲಿ, ಆ ಮನುಷ್ಯ ವಾಸವಿದ್ದ ಜಾಗದಲ್ಲಲ್ಲ. ಮದ್ದೂರಿನವರು ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟಿದ್ದರೆ ಅವರ ಹೆಸರು ಮೈಸೂರು ನಗರದ ಪುಸ್ತಕದಲ್ಲಿರುತ್ತದೆ, ಈಗ ಮಹಾನಗರ ಪಾಲಿಕೆಯಲ್ಲಿ ಕೇಳಬೇಕು. ಮಂಡ್ಯ ಪಟ್ಟಣವಾದರೆ ನಗರಸಭೆ. ಊರಿನಲ್ಲೇ ಆಗಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್. ತಪ್ಪು ಕಚೇರಿಯಲ್ಲಿ ಅರ್ಜಿ ಹಾಕಿ, ‘ಲಭ್ಯವಿಲ್ಲ’ ಅಂತ ಹಿಂಬರಹ ಬಂದೊಡನೆ ಕೈಬಿಟ್ಟವರು ಬಹಳ.

ಅರ್ಜಿಯಲ್ಲಿ ಹೆಸರನ್ನು ‘ಬಿನ್’ ಸಮೇತ, ಅಂದರೆ ತಂದೆಯ ಹೆಸರು ಸೇರಿಸಿ ಬರೆಯಿರಿ. ಊರು, ಹೋಬಳಿ, ತಾಲ್ಲೂಕು ಮೂರೂ ಇರಲಿ. ಹೊಸಹಳ್ಳಿ, ಕೊಪ್ಪಲು ಅಂತ ಊರುಗಳು ಹೋಬಳಿಗೊಂದಿವೆ. ಕಾಯ್ದೆಯ 17ನೇ ಕಲಂ ಪ್ರಕಾರ ಯಾರು ಬೇಕಾದರೂ ಪುಸ್ತಕ ಹುಡುಕಿಸಿ ನಕಲು ಪಡೆಯಬಹುದು, ಅದನ್ನು ಅರ್ಜಿಯಲ್ಲೇ ಬರೆಯಿರಿ. ಹುಡುಕಾಟದ ಶುಲ್ಕ ವರ್ಷದ ಲೆಕ್ಕದಲ್ಲಿ ಹಾಕುವುದರಿಂದ ‘1970ರಿಂದ 1985’ ಎಂದು ಕೇಳಿದರೆ ದುಡ್ಡೂ ದಂಡ, ಗುಮಾಸ್ತರ ಮುಖವೂ ಗಂಟು. ವರ್ಷ ಮೊದಲೇ ಬಿಗಿ ಮಾಡಿಕೊಳ್ಳಿ. ನಿಮ್ಮ ವಿಷಯದಲ್ಲಿ 1978 ಮತ್ತು 1979 ಎರಡನ್ನೂ ಕೇಳಿ. ಪುಸ್ತಕ ಕ್ಯಾಲೆಂಡರ್ ವರ್ಷಕ್ಕೊಂದು, ಕ್ರಮಸಂಖ್ಯೆ ಜನವರಿಯಲ್ಲಿ ಹೊಸದಾಗಿ ಶುರು, ನಮೂದು ಮಾಡುವುದು ಸುದ್ದಿ ಬಂದ ದಿನದ ಮೇಲೆ. ಡಿಸೆಂಬರಿನ ಸಾವು ಮುಂದಿನ ವರ್ಷದ ಮೊದಲ ಪುಟದಲ್ಲಿ ಕೂತಿರುವುದು ಮಾಮೂಲು.

ಇನ್ನೊಂದು. ಕಂಪ್ಯೂಟರಿನಲ್ಲಿ ಅಚ್ಚಾಗಿ ಬರುವ ಪ್ರಮಾಣಪತ್ರ ಸಾಕು ಅನ್ನಬೇಡಿ, ಮೂಲ ಪುಸ್ತಕದ ಆ ನಮೂದಿನ ದೃಢೀಕೃತ ನಕಲನ್ನೇ ಕೇಳಿ. ಪ್ರಮಾಣಪತ್ರಕ್ಕೆ ಇಳಿಯದ ವಿವರಗಳು ಪುಸ್ತಕದಲ್ಲಿರುತ್ತವೆ, ಮುಖ್ಯವಾಗಿ ಸತ್ತಾಗಿನ ವಯಸ್ಸು ಮತ್ತು ಸುದ್ದಿ ಕೊಟ್ಟವರ ಹೆಸರು. ಸುದ್ದಿ ಕೊಟ್ಟವನು ತಮ್ಮನೋ ಅಳಿಯನೋ ಆಗಿದ್ದರೆ ವಂಶಾವಳಿಯ ಇನ್ನೊಂದು ಕೊಂಬೆ ಅಲ್ಲೇ ಸಿಕ್ಕಿತು. ವಯಸ್ಸು 60, 65, 70 ಎಂದು ದುಂಡಗಿದ್ದರೆ ಅಂದಾಜು ಅಂತ ತಿಳಿಯಿರಿ, ಹತ್ತು ವರ್ಷ ಅತ್ತಿತ್ತ ಆಗಬಹುದು. ಸಾವಿನ ಕಾರಣವನ್ನು ಮಾತ್ರ ನಕಲಿನಲ್ಲಿ ಕೊಡುವಂತಿಲ್ಲ, ಕಾಯ್ದೆಯೇ ತಡೆದಿದೆ. ಅದಕ್ಕಾಗಿ ವಾದಕ್ಕಿಳಿಯಬೇಡಿ.

ಪ್ರಶ್ನೆ: ನಾಗಮಂಗಲ ತಾಲ್ಲೂಕಿನ ನಮ್ಮೂರಿನ ಪುಸ್ತಕದಲ್ಲಿ ನಮ್ಮ ತಂದೆಯ ತಮ್ಮ ತಂಗಿಯರ ಜನನವೆಲ್ಲ ಸಿಕ್ಕಿತು. ಹಿರಿಮಗನಾದ ನಮ್ಮ ತಂದೆಯದೇ ಇಲ್ಲ. ಬರೆಸುವುದನ್ನೇ ಮರೆತಿದ್ದರೇ?

ಚೊಚ್ಚಲ ಬಾಣಂತನ ತವರಿನಲ್ಲಿ. ಅಜ್ಜಿಯ ತವರೂರಿನ ಪುಸ್ತಕ ನೋಡಿ. ಅದು ಬೇರೆ ತಾಲ್ಲೂಕಾಗಿದ್ದರೆ ಅರ್ಜಿಯೂ ಅಲ್ಲಿಗೇ. ನಮೂದಿನಲ್ಲಿ ಮಗುವಿನ ಹೆಸರು ಹುಡುಕಬೇಡಿ. ನಾಮಕರಣಕ್ಕೆ ಮುಂಚೆಯೇ ಬರೆಸಿದ್ದರಿಂದ ಎಷ್ಟೋ ಕಡೆ ಬರೀ ‘ಗಂಡು’ ಎಂದಿರುತ್ತದೆ. ತಂದೆಯ ಹೆಸರು, ತಾಯಿಯ ಹೆಸರು, ತಿಂಗಳು ಇಷ್ಟು ಇಟ್ಟುಕೊಂಡು ಹುಡುಕಿಸಿ. ಪಟ್ಟಣದ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ್ದರೆ, ಉದಾಹರಣೆಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ, ಮತ್ತೆ ಮೈಸೂರು ನಗರದ ಪುಸ್ತಕವೇ.

ಶಾಲೆಯ ದಾಖಲಾತಿ ಪುಸ್ತಕದ ಹುಟ್ಟಿದ ತಾರೀಖನ್ನು ಇದಕ್ಕೆ ಆಧಾರ ಮಾಡಿಕೊಳ್ಳುವಾಗ ಎಚ್ಚರ. ಒಂದನೇ ತರಗತಿಗೆ ವಯಸ್ಸು ಹೊಂದಿಸಲು ಮೇಷ್ಟರು ಹಾಕಿದ ತಾರೀಖು ಅದಾಗಿರಬಹುದು. ಒಂದೇ ಪುಟದಲ್ಲಿ ಏಳೆಂಟು ಮಕ್ಕಳು ಜೂನ್ ಒಂದರಂದೇ ಹುಟ್ಟಿದ್ದರೆ ನೀವೇ ಊಹಿಸಿಕೊಳ್ಳಿ. ಆದರೆ ಅದೇ ಪುಸ್ತಕದ ತಂದೆ ಅಥವಾ ಪೋಷಕರ ಹೆಸರು, ಜಾತಿ, ಹಿಂದೆ ಓದಿದ ಶಾಲೆಯ ಕಾಲಂಗಳು ನಂಬಿಕೆಗೆ ಯೋಗ್ಯ.

ಪ್ರಶ್ನೆ: ಪಾಂಡವಪುರ ತಾಲ್ಲೂಕಿನಲ್ಲಿ ಎರಡು ಎಕರೆ ಪಿತ್ರಾರ್ಜಿತ ಜಮೀನಿದೆ. ತಾತನ ಹೆಸರಿನಿಂದ ಹಿಂದಕ್ಕೆ ಯಾವ ಪ್ರಮಾಣಪತ್ರವೂ ಇಲ್ಲ. ಜಮೀನಿನ ಕಾಗದದಿಂದ ವಂಶಾವಳಿ ಹಿಡಿಯಬಹುದು ಅನ್ನುತ್ತಾರೆ, ಹೇಗೆ?

ಹಿಡಿಯಬಹುದು, ಅದೂ ಜನನ ಮರಣ ಪುಸ್ತಕಕ್ಕಿಂತ ಚೆನ್ನಾಗಿ. ಹುಟ್ಟನ್ನು ಬರೆಸುವುದಕ್ಕೆ ಸೋಮಾರಿತನ ಮಾಡಿದ ಮನೆಯವರೂ ಖಾತೆ ಬದಲಾಯಿಸುವುದಕ್ಕೆ ಕಚೇರಿಗೆ ಓಡಿದ್ದಾರೆ.

ಇವತ್ತಿನ ಪಹಣಿಯಿಂದ ಶುರು ಮಾಡಿ. 9ನೇ ಕಾಲಂನಲ್ಲಿ ಖಾತೆದಾರನ ಮತ್ತು ತಂದೆಯ ಹೆಸರಿದೆ, 10ರಲ್ಲಿ ಜಮೀನು ಅವರಿಗೆ ಹೇಗೆ ಬಂತು ಅನ್ನುವುದಿದೆ. ಅಲ್ಲಿ ‘ಎಂ.ಆರ್. 12/1987-88’ ಎಂಬಂಥ ನಂಬರ್ ಇದ್ದರೆ ಅದು ಆ ವರ್ಷದ ಮ್ಯುಟೇಷನ್ (ಖಾತೆ ಬದಲಾವಣೆ) ರಿಜಿಸ್ಟರಿನ 12ನೇ ನಮೂದು. ‘ಐ.ಹೆಚ್.ಸಿ.’ ಇದ್ದರೆ ವಾರಸಿನ ಮೇಲೆ ಆದ ಬದಲಾವಣೆ. ‘ಆರ್.ಆರ್.’ ಇದ್ದರೆ ಹಳೆಯ ಹಕ್ಕುದಾಖಲೆ ಪುಸ್ತಕ. ಆ ನಂಬರ್ ಹಾಕಿ ರೆಕಾರ್ಡ್ ರೂಮಿಗೆ ನಕಲು ಅರ್ಜಿ ಕೊಡಿ. ಆ ನಮೂದಿನಲ್ಲಿ ಅದಕ್ಕೂ ಹಿಂದಿನ ಖಾತೆದಾರನ ಹೆಸರು ಸಿಗುತ್ತದೆ, ಅವನ ಹೆಸರಿನ ಹಳೆ ಕೈಬರಹದ ಪಹಣಿ ತೆಗೆಸಿ, ಅದರ 10ನೇ ಕಾಲಂ ನೋಡಿ, ಮತ್ತೆ ಹಿಂದಕ್ಕೆ. ಬಾವಿಗೆ ಇಳಿದ ಹಾಗೆ ಒಂದೊಂದೇ ಮೆಟ್ಟಿಲು. ನಡುವೆ ಒಂದು ಬಿಟ್ಟು ಹಾರಿದರೆ ಬೇರೆಯವರ ವಂಶಕ್ಕೆ ಬೀಳುತ್ತೀರಿ.

ಪೌತಿ ಖಾತೆಯ, ಅಂದರೆ ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಖಾತೆ ಮಾಡಿದ ಕಡತ ಸಿಕ್ಕರೆ ನಮೂದಿನ ನಕಲಷ್ಟೇ ಅಲ್ಲ, ಇಡೀ ಕಡತದ ನಕಲು ಕೇಳಿ. ಅರ್ಜಿ, ಮಹಜರು, ವಾರಸುದಾರರ ಹೇಳಿಕೆ ಅದರಲ್ಲಿರುತ್ತವೆ. ಖಾತೆದಾರ ಎಂದು ತೀರಿಕೊಂಡ, ಹೆಂಡತಿ ಯಾರು, ಮಕ್ಕಳೆಷ್ಟು ಅನ್ನುವುದನ್ನು ಊರಿನ ಪಂಚರ ಮುಂದೆ ಹೇಳಿ ಹೆಬ್ಬೆಟ್ಟು ಒತ್ತಿದ ಕಾಗದ ಅದು.

ಸರ್ವೆ ನಂಬರ್ ಹಿಂದಕ್ಕೆ ಹೋದಂತೆ ಬದಲಾಗುತ್ತದೆ. ಇವತ್ತಿನ 45/3ಬಿ ಹಿಂದೆ 45/3 ಆಗಿತ್ತು, ಅದಕ್ಕೂ ಹಿಂದೆ ಬರೀ 45. ಹಿಸ್ಸಾ ಆದ, ಅಂದರೆ ಸರ್ವೆ ನಂಬರ್ ತುಂಡಾದ ಪ್ರತಿ ಸಲವೂ ಮನೆಯಲ್ಲಿ ಪಾಲಾಗಿದೆ ಅಥವಾ ಒಂದು ತುಂಡು ಮಾರಿದೆ ಅಂತ ಅರ್ಥ. ಪಾಲಾಗಿದ್ದರೆ ಪಕ್ಕದ ಹಿಸ್ಸಾಗಳ ಖಾತೆದಾರರು ನಿಮ್ಮ ದಾಯಾದಿಗಳು. ಅವರ ಪಹಣಿಯನ್ನೂ ತೆಗೆಸಿ, ಅವರ ಕಡೆ ಮುತ್ತಾತನ ಹೆಸರು ಉಳಿದಿರಬಹುದು.

ನಿಮ್ಮ ಮನೆಯವರು ಹಿಂದೆ ಗೇಣಿದಾರರಾಗಿದ್ದರೆ ಇನ್ನೊಂದು ಜಾಗವಿದೆ. ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾದ ಮೇಲೆ ಗೇಣಿದಾರರು ಉಳುತ್ತಿದ್ದ ಜಮೀನು ತಮ್ಮ ಹೆಸರಿಗೆ ಆಗಲೆಂದು 7ನೇ ನಮೂನೆ ಅರ್ಜಿ ಹಾಕಿದರು. ಕೊನೆಯ ಗಡುವು 1979ರ ಜೂನ್ 30. ಆ ಭೂನ್ಯಾಯಮಂಡಳಿ ಕಡತಗಳಲ್ಲಿ ‘ನಮ್ಮ ತಂದೆಯ ಕಾಲದಿಂದ, ಅವರ ತಂದೆಯ ಕಾಲದಿಂದ ಉಳುತ್ತಿದ್ದೇವೆ’ ಎಂಬ ಹೇಳಿಕೆಗಳು ಹೆಸರು ಸಮೇತ ಇರುತ್ತವೆ. ನಮ್ಮ ಕಡೆ ಇದನ್ನು ತೆಗೆಸಿ ನೋಡುವವರು ಕಡಿಮೆ.

ರೆಕಾರ್ಡ್ ರೂಮಿನಲ್ಲಿ ಪುಸ್ತಕ ಶಿಥಿಲವಾಗಿದೆ ಎಂದು ಹಿಂಬರಹ ಕೊಟ್ಟರೆ ಭೂಸುರಕ್ಷಾ ಯೋಜನೆಯಡಿ ಅದು ಸ್ಕ್ಯಾನ್ ಆಗಿದೆಯೇ ಕೇಳಿ. ಉತ್ತರವೇ ಬಾರದಿದ್ದಾಗ ಮಾತ್ರ ಮಾಹಿತಿ ಹಕ್ಕು ಅರ್ಜಿ. ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಮೊದಲೇ ಅದನ್ನು ಹಾಕಿದರೆ ‘ನಕಲು ಅರ್ಜಿ ಸಲ್ಲಿಸಿ ಪಡೆಯಿರಿ’ ಎಂಬ ಒಂದು ಸಾಲಿನ ಉತ್ತರಕ್ಕೆ ಮೂವತ್ತು ದಿನ ಕಾದಂತಾಗುತ್ತದೆ.

ಪ್ರಶ್ನೆ: ಹಳೆ ಪಹಣಿಯಲ್ಲಿ ನಮ್ಮೂರಲ್ಲಿ ಮೂವರು ಕರೀಗೌಡರಿದ್ದಾರೆ. ನಮ್ಮವರು ಯಾರು ಅಂತ ಹೇಗೆ ತಿಳಿಯುವುದು? ಓದುವುದೂ ಕಷ್ಟ. (ಮಂಡ್ಯ)

ಹೆಸರನ್ನು ಒಂಟಿಯಾಗಿ ಓದಬೇಡಿ. ಗಂಡಸಿಗೆ ‘ಬಿನ್’ ಆದಮೇಲೆ ತಂದೆ, ಹೆಂಗಸಿಗೆ ‘ಕೋಂ’ ಆದಮೇಲೆ ಗಂಡ. ‘ಕರೀಗೌಡ ಬಿನ್ ಸಿದ್ದೇಗೌಡ’ ಮತ್ತು ‘ಕರೀಗೌಡ ಬಿನ್ ಮರೀಗೌಡ’ ಇಬ್ಬರು ಬೇರೆ. ಆದರೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ‘ಕರೀಗೌಡ ಬಿನ್ ಸಿದ್ದೇಗೌಡ’ ಅನ್ನುವವರೇ ಎರಡು ತಲೆಮಾರಿಗೊಮ್ಮೆ ಬರುತ್ತಾರೆ. ಅವರನ್ನು ಬೇರೆ ಮಾಡುವುದು ವರ್ಷ ಮತ್ತು ಸರ್ವೆ ನಂಬರ್. ಒಂದು ಹಾಳೆಯಲ್ಲಿ ವರ್ಷ, ಸರ್ವೆ ನಂಬರ್, ಹೆಸರು, ಬಿನ್, ಹೆಂಡತಿಯ ಹೆಸರು ಎಂದು ಐದು ಕಾಲಂ ಎಳೆದು, ಮೂವರನ್ನೂ ಬರೆಯುತ್ತಾ ಹೋಗಿ. ಮೂರನೇ ನಾಲ್ಕನೇ ದಾಖಲೆಯ ಹೊತ್ತಿಗೆ ಅವರು ತಾವೇ ಬೇರೆಯಾಗುತ್ತಾರೆ. ‘ಉರುಫ್’ ಎಂದು ಇನ್ನೊಂದು ಹೆಸರು ಇದ್ದರೆ ಅದನ್ನೂ ಗುರುತು ಮಾಡಿಕೊಳ್ಳಿ. ದೊಡ್ಡ, ಚಿಕ್ಕ, ಮರಿ ಅನ್ನುವ ಮುಂಪದಗಳು ಒಂದು ಕಾಗದದಲ್ಲಿದ್ದು ಇನ್ನೊಂದರಲ್ಲಿ ಬಿಟ್ಟುಹೋಗುತ್ತವೆ; ಅದರಿಂದಲೇ ಬೇರೆ ಮನುಷ್ಯ ಅಂದುಕೊಳ್ಳಬೇಡಿ.

ಕೈಬರಹದಲ್ಲಿ ಮೋಸ ಮಾಡುವುದು ಅಕ್ಷರಕ್ಕಿಂತ ಅಂಕಿ. ಶಾಯಿ ಮಾಸಿದ ೩ ಮತ್ತು ೬, ೬ ಮತ್ತು ೯, ೧ ಮತ್ತು ೦ ಒಂದೇ ಥರ ಕಾಣುತ್ತವೆ. ಅದೇ ಪುಟದಲ್ಲಿ ಕ್ರಮಸಂಖ್ಯೆಗಳು ಸಾಲಾಗಿ ಇರುತ್ತವಲ್ಲ, ಬರೆದವರು ೩ನ್ನು ಹೇಗೆ ಎಳೆಯುತ್ತಾರೆ, ೬ನ್ನು ಹೇಗೆ ಎಳೆಯುತ್ತಾರೆ ಅಂತ ಅಲ್ಲಿ ನೋಡಿಕೊಂಡು ಆಮೇಲೆ ಇಸವಿ ಓದಿ. ನಕಲು ಕೊಡುವವರು ಕೈಯಲ್ಲಿ ಬರೆದುಕೊಡುವುದಾದರೆ ಜೆರಾಕ್ಸ್ ಪ್ರತಿಯನ್ನೇ ಕೇಳಿ, ಓದುವ ತಪ್ಪು ಒಂದು ಸಲಕ್ಕೆ ನಿಲ್ಲಲಿ.

ಪ್ರಶ್ನೆ: ಮನೆಯ ಹಳೆ ಪುಸ್ತಕದಲ್ಲಿ ಮುತ್ತಜ್ಜಿ ಹುಟ್ಟಿದ್ದು ‘ರಕ್ತಾಕ್ಷಿ ಸಂ. ಆಷಾಢ ಬಹುಳ’ ಎಂದು ಬರೆದಿದೆ. ಇಸವಿ ಯಾವುದು? (ಮೈಸೂರು)

ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಪ್ರಭವ 1987-88ರಲ್ಲಿ ಬಂದಿತ್ತು, ರಕ್ತಾಕ್ಷಿ ಅದಕ್ಕೆ ಮೂರು ವರ್ಷ ಹಿಂದೆ, 1984-85. ಅರವತ್ತು ಕಳೆದರೆ 1924-25, ಇನ್ನೂ ಅರವತ್ತು ಕಳೆದರೆ 1864-65. ಮುತ್ತಜ್ಜಿಯ ಮಕ್ಕಳ ವಯಸ್ಸು ನೋಡಿ ಎರಡರಲ್ಲಿ ಒಂದನ್ನು ಆರಿಸಿ. 1924 ಆದರೆ ಆಷಾಢ ಬಹುಳ ಜುಲೈನಲ್ಲಿ ಬೀಳುತ್ತದೆ, ಕಾವೇರಿಗೆ ಆ ದೊಡ್ಡ ಪ್ರವಾಹ ಬಂದ ತಿಂಗಳು. ‘ಹೊಳೆ ಬಂದ ವರ್ಷ’ ಎಂದು ಮನೆಯಲ್ಲಿ ಯಾರಾದರೂ ಹೇಳುತ್ತಿದ್ದರೆ ತಾಳೆಯಾಯಿತು. ಹೀಗೆಯೇ ‘ಧಾತು ಈಶ್ವರ ಬರ’ ಅಂದರೆ 1876ರಿಂದ 78.

ಸಂವತ್ಸರ ಯುಗಾದಿಗೆ ಶುರುವಾಗುವುದರಿಂದ ಪುಷ್ಯ, ಮಾಘ, ಫಾಲ್ಗುಣದ ತಾರೀಖುಗಳು ಬಹುಪಾಲು ಮುಂದಿನ ಇಸವಿಗೆ ಹೋಗುತ್ತವೆ. ರಕ್ತಾಕ್ಷಿ ಮಾಘ ಅಂದಿದ್ದರೆ ಅದು 1925. ಹೆಚ್ಚಿನವರು ಜಾರುವುದು ಇಲ್ಲೇ.

ಪ್ರಶ್ನೆ: ನಮ್ಮ ಮೂಲ ಊರಿನ ಹೆಸರು ಈಗಿನ ಯಾವ ಪಟ್ಟಿಯಲ್ಲೂ ಇಲ್ಲ. (ಮೈಸೂರು)

ಕಾರಣ ನಾಲ್ಕರಲ್ಲಿ ಒಂದು. ಊರು ಮಜರೆಯಾಗಿದ್ದರೆ, ಅಂದರೆ ದೊಡ್ಡ ಗ್ರಾಮಕ್ಕೆ ಸೇರಿದ ಚಿಕ್ಕ ಊರಾಗಿದ್ದರೆ, ದಾಖಲೆ ಮೂಲ ಕಂದಾಯ ಗ್ರಾಮದ ಹೆಸರಿನಲ್ಲಿರುತ್ತದೆ. ಜನ ಬಿಟ್ಟುಹೋದ ಊರಾದರೆ ‘ಬೇಚಿರಾಕ್’ ಎಂದು ಕಂದಾಯ ದಾಖಲೆಯಲ್ಲಿ ಉಳಿದಿರುತ್ತದೆ, ಸರ್ವೆ ನಂಬರ್‌ಗಳೂ ಇರುತ್ತವೆ, ಮನೆಗಳಿರುವುದಿಲ್ಲ. ಕೃಷ್ಣರಾಜಸಾಗರದ ನೀರಿಗೆ ಹೋದ ಕನ್ನಂಬಾಡಿಯಂಥ ಊರಾದರೆ ಜನ ಎದ್ದು ಹೋಗಿ ನೆಲೆಸಿದ ಹೊಸ ಊರಿನಲ್ಲಿ ಹುಡುಕಿ.

ನಾಲ್ಕನೆಯದು ಹೆಸರು, ಗಡಿ ಬದಲಾದದ್ದು. ಹಳೆ ಕಾಗದದ ಅತ್ತಿಕುಪ್ಪೆ ಈಗಿನ ಕೃಷ್ಣರಾಜಪೇಟೆ, ಎಡತೊರೆ ಈಗಿನ ಕೃಷ್ಣರಾಜನಗರ, ಹಿರೋಡೆ ಅಥವಾ ಫ್ರೆಂಚ್ ರಾಕ್ಸ್ ಈಗಿನ ಪಾಂಡವಪುರ. ಮಂಡ್ಯ ಜಿಲ್ಲೆಯಾದದ್ದು 1939ರ ಜುಲೈ 1ರಂದು. ಅದಕ್ಕೂ ಹಿಂದಿನ ಜಿಲ್ಲಾ ಮಟ್ಟದ ಕಾಗದಗಳೆಲ್ಲ ಮೈಸೂರು ಜಿಲ್ಲೆಯ ಹೆಸರಿನವು. ಹಾಗೆ ಹಳೆಯದು ಬೇಕಾದರೆ ಮೈಸೂರಿನಲ್ಲಿರುವ ರಾಜ್ಯ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿಯಲ್ಲಿ ವಿಚಾರಿಸಿ, ಆದರೆ ಅಲ್ಲಿ ನಿಮ್ಮ ಮನೆಯ ಹುಟ್ಟು ಸಾವಿನ ಪಟ್ಟಿ ಸಿಗುತ್ತದೆಂದು ಹೋಗಬೇಡಿ. ಅರಮನೆ, ಆಡಳಿತದ ಕಡತಗಳ ಜಾಗ ಅದು.

ಪ್ರಶ್ನೆ: ಗಂಡಸರ ಸಾಲು ಐದು ತಲೆಮಾರು ಸಿಕ್ಕಿದೆ. ಹೆಣ್ಣುಮಕ್ಕಳು ಎಲ್ಲಿಗೆ ಹೋದರೆಂದೇ ತಿಳಿಯುತ್ತಿಲ್ಲ. ಅಜ್ಜಿಯ ತವರು ಕೊಳ್ಳೇಗಾಲದ ಕಡೆ. (ಮಳವಳ್ಳಿ)

ಪಹಣಿಯಲ್ಲಿ ಹೆಣ್ಣುಮಕ್ಕಳು ಕಾಣುವುದು ಕಡಿಮೆ. ಹೆಣ್ಣುಮಕ್ಕಳಿಗೂ ಪಾಲು ಕೊಟ್ಟ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದ 1994ರ ತಿದ್ದುಪಡಿ, ಆಮೇಲೆ ಕೇಂದ್ರದ 2005ರ ತಿದ್ದುಪಡಿ ಬಂದ ಮೇಲೆ ಪೌತಿ ಖಾತೆಗಳಲ್ಲಿ ಅವರ ಹೆಸರು ಹೆಚ್ಚಾಯಿತು. ಅದರ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ. ಅಣ್ಣತಮ್ಮಂದಿರಿಗೆ ಹಕ್ಕು ಬಿಟ್ಟುಕೊಟ್ಟ ಬಿಡುಗಡೆ ಪತ್ರದಲ್ಲಿ ಪ್ರತಿ ಮಗಳ ಹೆಸರು, ಗಂಡನ ಹೆಸರು, ವಾಸದ ಊರು ಮೂರೂ ಇರುತ್ತವೆ. ಹಕ್ಕು ಬಿಟ್ಟ ಕಾಗದವೇ ಅವಳು ಯಾವ ಮನೆಗೆ ಹೋದಳು ಅನ್ನುವುದಕ್ಕೆ ಸಾಕ್ಷಿ.

ಆಸ್ತಿಯ ಮೇಲೆ ನೋಂದಣಿಯಾದ ಪತ್ರಗಳ ಪಟ್ಟಿಯಾದ ಋಣಭಾರ ಪತ್ರ (ಇ.ಸಿ.) ಆನ್‌ಲೈನ್‌ನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗಿನದು. ಹಿಂದಿನದಕ್ಕೆ ಕಚೇರಿಯಲ್ಲೇ ಸೂಚಿಗಳನ್ನು ಹುಡುಕಿಸಬೇಕು. ಒಂದನೇ ಸೂಚಿ ಹೆಸರಿನ ಮೇಲೆ, ಎರಡನೇ ಸೂಚಿ ಆಸ್ತಿಯ ಮೇಲೆ. ಸರ್ವೆ ನಂಬರ್ ಗೊತ್ತಿದ್ದರೆ ಎರಡನೆಯದೇ ಸಲೀಸು. ಸ್ಥಿರಾಸ್ತಿ ಪತ್ರಗಳ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಉಯಿಲು ಮತ್ತು ದತ್ತಕದ ಅಧಿಕಾರಪತ್ರಗಳಿರುವ 3ನೇ ಪುಸ್ತಕದ ನಕಲನ್ನು ಬರೆದವರು ತೀರಿಕೊಂಡ ಮೇಲಷ್ಟೇ ಬೇರೆಯವರಿಗೆ ಕೊಡುತ್ತಾರೆ, ಆದ್ದರಿಂದ ಅರ್ಜಿಯ ಜೊತೆ ಮರಣ ಪ್ರಮಾಣಪತ್ರ ಇಡಿ.

ಅಜ್ಜಿಯ ತವರಿನ ವಿಷಯಕ್ಕೆ: ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರು, 1997ರಿಂದ ಚಾಮರಾಜನಗರ. ಮದ್ರಾಸಿನವರಿಗೆ ಜನನ ಮರಣ ನೋಂದಣಿಗೆ 1899ರದೇ ಒಂದು ಕಾಯ್ದೆಯಿತ್ತು. ಹಳೆ ಕಾಗದ ತಮಿಳು, ಇಂಗ್ಲಿಷಿನಲ್ಲಿ ಬಂದರೆ ಗಾಬರಿಯಾಗಬೇಡಿ, ಓದಬಲ್ಲವರನ್ನು ಮೊದಲೇ ಗೊತ್ತುಮಾಡಿಕೊಂಡಿರಿ.

ಪ್ರಶ್ನೆ: ಅಮೆರಿಕದಲ್ಲಿ ಹಳೆ ಜನಗಣತಿಯ ಹಾಳೆಗಳನ್ನೇ ನೋಡಿ ವಂಶಾವಳಿ ಮಾಡುತ್ತಾರಂತೆ. ನಮ್ಮಲ್ಲಿ?

ಆಗುವುದಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಮನೆಮನೆಯ ವಿವರ ಯಾರೂ ನೋಡುವಂತಿಲ್ಲ. ಅದರ ಬದಲು ಮತದಾರರ ಪಟ್ಟಿ ನೋಡಿ. 2002ರ ಪಟ್ಟಿ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿದೆ. ಒಂದೇ ಮನೆ ನಂಬರಿನಲ್ಲಿ ಯಾರ್ಯಾರಿದ್ದರು, ತಂದೆ ಅಥವಾ ಗಂಡ ಯಾರು, ವಯಸ್ಸೆಷ್ಟು ಎಂದು ಸಾಲಾಗಿ ಸಿಗುತ್ತದೆ.

ಪ್ರಶ್ನೆ: ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿದರೆ ಸಾಕಲ್ಲವೇ? ಮುತ್ತಾತನ ಸಾವು ನೋಂದಣಿಯಾಗಿಲ್ಲ, ಅದನ್ನೂ ಈಗ ಮಾಡಿಸಿಬಿಡಬಹುದೇ? (ಶ್ರೀರಂಗಪಟ್ಟಣ)

ವಂಶವೃಕ್ಷ ನೀವು ಪ್ರಮಾಣ ಮಾಡಿ ಹೇಳಿದ್ದನ್ನೇ ವಿಚಾರಣೆ ಮಾಡಿ ಮೊಹರು ಹಾಕಿ ಕೊಡುವಂಥದು. ಖಾತೆ ಬದಲಾವಣೆಗೆ ಬೇಕು, ನಿಮಗೆ ಗೊತ್ತಿಲ್ಲದ ಮುತ್ತಾತನನ್ನು ಅದು ಹುಡುಕಿಕೊಡುವುದಿಲ್ಲ. ತಡ ನೋಂದಣಿಯೂ ಅಷ್ಟೇ. ಒಂದು ವರ್ಷ ಮೀರಿದ್ದಕ್ಕೆ ಹಿಂದೆ ಕೋರ್ಟಿನ ಆದೇಶ ಬೇಕಿತ್ತು. ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿಯ ನಂತರ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿ, ಇಲ್ಲವೇ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕು. ಇಷ್ಟೆಲ್ಲ ಮಾಡಿ ಬರೆಸಿದ ತಾರೀಖು ನಿಮ್ಮದೇ ಅಂದಾಜು, ನಾಳೆ ಮೊಮ್ಮಕ್ಕಳು ಅದನ್ನು ಸರ್ಕಾರಿ ಸತ್ಯ ಅಂತ ನಂಬಿಕೊಳ್ಳುತ್ತಾರೆ. ವಂಶಾವಳಿಗಾಗಿಯೇ ಆದರೆ ಬೇಡ.

ಹಾಗಂತ ಹಳೆಯ ವಂಶವೃಕ್ಷವನ್ನು ತಳ್ಳಿಹಾಕಬೇಡಿ. ನಲವತ್ತು ವರ್ಷದ ಹಿಂದೆ ಯಾವುದೋ ಸಾಲಕ್ಕೋ ಖಾತೆಗೋ ಮಾಡಿಸಿದ್ದು ನಿಮ್ಮ ದೊಡ್ಡಪ್ಪನ ಮನೆಯಲ್ಲಿದ್ದರೆ, ಅದನ್ನು ಹೇಳಿ ಬರೆಸಿದವರು ಮುತ್ತಾತನನ್ನು ಕಣ್ಣಾರೆ ಕಂಡವರಿರಬಹುದು. ಸೊಸೈಟಿ ಸಾಲದ ಕಾಗದ, ಬ್ಯಾಂಕಿನ ಅಡಮಾನದ ಕಡತಗಳ ನಡುವೆ ಅದರ ಪ್ರತಿ ಇರುವುದುಂಟು. ಕಚೇರಿಗೆ ಅರ್ಜಿ ಬರೆಯುವ ಮುಂಚೆ ದಾಯಾದಿಗಳ ಮನೆಯ ಟ್ರಂಕು ತೆಗೆಸಿ ನೋಡಿ.